ಮಟ್ಟಿನ ಹೆಸರು ಕೇಳುವುದಿಲ್ಲ

ಆಸ್ಟ್ರೇಲಿಯಾದ ನ್ಯೂ ಸೌತ್ ವೇಲ್ಸ್ ರಾಜ್ಯದ ಒಳನಾಡಿನಲ್ಲಿ ಹಳೆಯ ಕುಣಿತದ ಮಟ್ಟು ನುಡಿಸುವ ಹಿರಿಯ ವಾದಕರನ್ನು ಧ್ವನಿಮುದ್ರಿಸುವಾಗ "ಈ ಮಟ್ಟಿನ ಹೆಸರೇನು?" ಎಂದು ನಾನು ಮೊದಲಿಗೇ ಕೇಳುವುದಿಲ್ಲ. ಎಷ್ಟೋ ಜನರಿಗೆ ಅದು ಗೊತ್ತಿರುವುದಿಲ್ಲ, ಗೊತ್ತಿಲ್ಲವೆಂದು ಹೇಳಬೇಕಾದಾಗ ಸಂಕೋಚಪಡುತ್ತಾರೆ. "ಯಾರಿಂದ ಕಲಿತಿರಿ? ಇದಕ್ಕೆ ಯಾವ ಕುಣಿತ?" ಎಂದರೆ ಮಾತು ತಾನಾಗಿ ಹರಿಯುತ್ತದೆ. ಉಣ್ಣೆ ಕತ್ತರಿಸುವ ಶೆಡ್ಡಿನಲ್ಲಿ ಬೆಳಗಿನವರೆಗೆ ನಡೆದ ಕುಣಿತ, ನಡುರಾತ್ರಿಯ ಊಟ, ನೆಲಕ್ಕೆ ಮೇಣದ ಪುಡಿ ಉದುರಿಸಿ ಗೋಣಿಚೀಲದ ಮೇಲೆ ಮಕ್ಕಳನ್ನು ಕೂರಿಸಿ ಎಳೆದಾಡಿ ನುಣುಪು ಮಾಡಿದ್ದು, ಎಲ್ಲವೂ ಬರುತ್ತದೆ. ಅದರ ನಡುವೆಯೇ ಮರೆತಿದ್ದ ಇನ್ನೊಂದು ಮಟ್ಟು ಬೆರಳಿಗೆ ಬರುತ್ತದೆ. ಹಾಗಾಗಿ ಮಾತು ಶುರುವಾದ ಮೇಲೆ ರೆಕಾರ್ಡರ್ ನಿಲ್ಲಿಸುವುದಿಲ್ಲ.

ಈ ದಾರಿಯಲ್ಲಿ ಮೊದಲೇ ನಡೆದವರು ಜಾನಪದ ಸಂಗ್ರಾಹಕ ಜಾನ್ ಮೆರೆಡಿತ್. 1950ರ ದಶಕದಲ್ಲಿ ಭಾರವಾದ ಟೇಪ್ ರೆಕಾರ್ಡರ್ ಹೊತ್ತು ಅವರು ಇದೇ ರಾಜ್ಯವನ್ನು ಸುತ್ತಿದರು. ತಾಯಿಯಿಂದ ಹಾಡು, ಮಟ್ಟುಗಳನ್ನು ಕಲಿತಿದ್ದ ಲಿತ್ಗೋ ಊರಿನ ಸ್ಯಾಲಿ ಸ್ಲೋನ್ ಅವರನ್ನು ಧ್ವನಿಮುದ್ರಿಸಿದವರು ಅವರೇ. ಮೆರೆಡಿತ್ ಅವರ ಸಂಗ್ರಹ ಈಗ ಕ್ಯಾನ್‌ಬೆರಾದ ರಾಷ್ಟ್ರೀಯ ಗ್ರಂಥಾಲಯದಲ್ಲಿದೆ. ನನ್ನ ಯಂತ್ರವೋ ಜೇಬಿನಲ್ಲಿ ಹಿಡಿಯುತ್ತದೆ.

ಅಡುಗೆಮನೆಯ ಮೇಜೇ ಸ್ಟುಡಿಯೋ. ಗಡಿಯಾರವನ್ನು ಆಚೆ ಇಡುತ್ತೇನೆ, ಮನೆಯವರನ್ನು ಕೇಳಿ ಫ್ರಿಜ್ ಆರಿಸುತ್ತೇನೆ. ಕಾರಿನ ಕೀಲಿಯನ್ನು ಫ್ರಿಜ್ಜಿನೊಳಗೇ ಇಡುವುದು ಧ್ವನಿಮುದ್ರಣದವರ ಹಳೆಯ ಉಪಾಯ; ಮತ್ತೆ ಚಾಲೂ ಮಾಡದೆ ಯಾರೂ ಹೊರಡುವ ಹಾಗಿಲ್ಲ.

ಎರಡು ಕೈಗಳ ನಡುವೆ ಹಿಡಿದು ನುಡಿಸುವ ಪುಟ್ಟ ತಿದಿವಾದ್ಯ ಆಂಗ್ಲೋ ಕಾನ್ಸರ್ಟಿನಾ ಬಂದರೆ ಎರಡು ಮೈಕ್ ಬೇಕು. ಹಾರ್ಮೋನಿಯಂನಲ್ಲಿ ಒಂದು ಮನೆಗೆ ಒಂದೇ ಸ್ವರ. ಇದರಲ್ಲಿ ಅದೇ ಗುಂಡಿ ತಿದಿಯನ್ನು ಒತ್ತಿದಾಗ ಒಂದು ಸ್ವರ, ಎಳೆದಾಗ ಮತ್ತೊಂದು ಸ್ವರ ಕೊಡುತ್ತದೆ. ತಗ್ಗಿನ ಸ್ವರಗಳು ಎಡಗೈಗೆ, ಮೇಲಿನವು ಬಲಗೈಗೆ. ಒಂದೇ ಕಡೆ ಮೈಕ್ ಇಟ್ಟರೆ ಅರ್ಧ ಸಂಗೀತ ಮಸುಕಾಗುತ್ತದೆ. ಮಟ್ಟಿನ ಓಟ ತಿದಿಯ ತಿರುವಿನಲ್ಲಿರುವುದರಿಂದ ಕೈಗಳ ವಿಡಿಯೊವನ್ನೂ ತೆಗೆಯುತ್ತೇನೆ. ನೆಲಕ್ಕೆ ಬಡಿಯುವ ಪಾದದ ಸದ್ದನ್ನು ಅಳಿಸುವುದಿಲ್ಲ, ತಾಳ ಅಲ್ಲಿದೆ. ಒಬ್ಬರೇ ಕುಳಿತು ನುಡಿಸುವಾಗ ವೇಗ ಏರುತ್ತಾ ಹೋಗುವುದುಂಟು. ಮನೆಯಲ್ಲಿ ಯಾರಿಗಾದರೂ ಶಾಟೀಶ್ ಅಥವಾ ವಾರ್ಸೋವಿಯೆನ್‌ನಂಥ ಹಳೆಯ ಜೋಡಿ ಕುಣಿತ ಬಂದರೆ ನಾಲ್ಕು ಹೆಜ್ಜೆ ಹಾಕಲು ಹೇಳುತ್ತೇನೆ; ವಾದಕರು ಪಾದ ನೋಡುತ್ತಾ ತಾವೇ ನಿಧಾನಿಸುತ್ತಾರೆ.

ಕಪಾಟಿನಿಂದ ಹಳೆಯ ಕ್ಯಾಸೆಟ್‌ಗಳೂ ಹೊರಬರುತ್ತವೆ. ಅಜ್ಜನ ವಾದನ ಅರ್ಧ ಸ್ವರ ಮೇಲಿದೆ ಎನ್ನಿಸಿದರೆ ಅದು ಟೇಪಿನ ವೇಗವೋ, ವಾದ್ಯದ ಶ್ರುತಿಯೋ? ಹಳೆಯ ಕಾನ್ಸರ್ಟಿನಾಗಳು ಇಂದಿನ 440 ಹರ್ಟ್ಸ್‌ನ ಶ್ರುತಿಗೆ ಹೊಂದಿಯೇ ಇರಬೇಕೆಂದಿಲ್ಲ. ಅದೇ ವಾದ್ಯ ಮನೆಯಲ್ಲಿದ್ದರೆ ಕೆಲವು ಸ್ವರ ನುಡಿಸಿಸಿ ಹೋಲಿಸುತ್ತೇನೆ. ಕಂಪ್ಯೂಟರ್‌ನಲ್ಲಿ "ಸರಿ" ಮಾಡುವ ಉತ್ಸಾಹ ನನಗಿಲ್ಲ: 24 ಬಿಟ್, 96 ಕಿಲೋಹರ್ಟ್ಸ್ ಮೂಲ ವೇವ್ ಧ್ವನಿಕಡತ ಹಾಗೆಯೇ ಉಳಿಯುತ್ತದೆ, ತಿದ್ದುಪಡಿ ಏನಿದ್ದರೂ ಪ್ರತಿಯ ಮೇಲೆ.

ಕೊನೆಗೆ ಒಪ್ಪಿಗೆ ಪತ್ರ. ಮಾತಿನ ಭರದಲ್ಲಿ ನೆರೆಮನೆಯ ಜಗಳ, ಹಳೆಯ ಪ್ರೇಮ ಎಲ್ಲ ಬಂದಿರುತ್ತದೆ. ಯಾವ ಭಾಗ ಈಗ ಯಾರಿಗೂ ಕೇಳಿಸಬಾರದು ಎಂಬುದನ್ನು ವಾದಕರೇ ಗುರುತಿಸುತ್ತಾರೆ. ಮೊದಲ ಪ್ರತಿ ಅವರ ಮನೆಗೆ, ಆಮೇಲೆ ಸಂಗ್ರಹಕ್ಕೆ.