ಮೂರು ವರ್ಷದ ಪರ್ಷಿಯನ್ ಬೆಕ್ಕೊಂದು ನಮ್ಮ ಮನೆಗೆ ಬಂದ ಬಗೆ

ಬೆಂಗಳೂರಿನಲ್ಲಿ ಪರ್ಷಿಯನ್ ಬೆಕ್ಕಿಗಾಗಿ ನಾನು ಹುಡುಕಾಟ ಆರಂಭಿಸಿದಾಗ ಮಾರುವವರ ಬಾಯಿಂದ ಮೊದಲು ಕೇಳಿದ ಪದಗಳು ‘ಡಾಲ್ ಫೇಸ್’, ‘ಸೆಮಿ ಪಂಚ್’ ಮತ್ತು ‘ಪಂಚ್ ಫೇಸ್’. ಮುಖ ಎಷ್ಟು ಚಪ್ಪಟೆ ಎಂಬುದಕ್ಕೆ ಅವರು ಇಟ್ಟುಕೊಂಡ ಹೆಸರುಗಳಿವು. ಮೂಗು ಚಪ್ಪಟೆಯಾದಷ್ಟೂ ಬೆಲೆ ಏರುತ್ತಿತ್ತು. ಒಂದೇ ವಾರದಲ್ಲಿ 12,000 ರೂಪಾಯಿಯಿಂದ 40,000 ರೂಪಾಯಿಯವರೆಗೆ ನನಗೆ ಬೆಲೆ ಹೇಳಿದರು. ಮರಿಯ ತಾಯಿಯನ್ನು ನೋಡಬಹುದೇ ಎಂದು ಕೇಳಿದರೆ ಹೆಚ್ಚಿನವರು ಮಾತು ಬದಲಿಸುತ್ತಿದ್ದರು. ಮರಿಯ ವಿಡಿಯೊ ಕಳುಹಿಸಿದ ಒಬ್ಬರಿಗೆ 3,000 ರೂಪಾಯಿ ಮುಂಗಡ ಕೊಟ್ಟೆ. ಮರುದಿನದಿಂದ ಅವರು ಫೋನ್ ಎತ್ತಲಿಲ್ಲ. ಆ ಬಳಿಕ, ಬೆಕ್ಕು ಬೆಳೆಯುತ್ತಿರುವ ಜಾಗಕ್ಕೆ ಹೋಗಿ ಕಣ್ಣಾರೆ ನೋಡುವವರೆಗೆ ಯಾರಿಗೂ ಹಣ ಕೊಡುವುದಿಲ್ಲ ಎಂದು ನಿಶ್ಚಯಿಸಿದೆ.

ಉದ್ದ ಕೂದಲು ಮತ್ತು ಚಪ್ಪಟೆ ಮೂಗು ಇದ್ದ ಮಾತ್ರಕ್ಕೆ ಬೆಕ್ಕು ಶುದ್ಧ ತಳಿಯದೆಂದು ಹೇಳಲಾಗದು. ಅದಕ್ಕೆ ಆಧಾರ ನೋಂದಣಿ ಸಂಸ್ಥೆ ಕೊಡುವ ವಂಶಾವಳಿ ಪತ್ರ. ಅಮೆರಿಕದಲ್ಲಿ 1906ರಲ್ಲಿ ಆರಂಭವಾದ ಕ್ಯಾಟ್ ಫ್ಯಾನ್ಸಿಯರ್ಸ್ ಅಸೋಸಿಯೇಷನ್ ಅಂಥದೊಂದು ಸಂಸ್ಥೆ. ನಾನು ನೋಡಿದ ಮರಿಗಳಲ್ಲಿ ಒಂದಕ್ಕೂ ಅಂತಹ ಪತ್ರವಿರಲಿಲ್ಲ. ಪ್ರದರ್ಶನಕ್ಕಾಗಲಿ ತಳಿ ಬೆಳೆಸುವುದಕ್ಕಾಗಲಿ ಅಲ್ಲದೆ ಮನೆಯಲ್ಲಿ ಸಾಕುವುದಕ್ಕಷ್ಟೇ ಬೇಕಾದವರು ಪತ್ರಕ್ಕಿಂತ ಮೂತ್ರಪಿಂಡದ ಬಗ್ಗೆ ಹೆಚ್ಚು ವಿಚಾರಿಸಬೇಕು ಎಂಬುದು ನನ್ನ ದೃಢವಾದ ಅಭಿಪ್ರಾಯ. ಮೂತ್ರಪಿಂಡದಲ್ಲಿ ನೀರಿನ ಗುಳ್ಳೆಗಳು ಬೆಳೆಯುವ ‘ಪಿ.ಕೆ.ಡಿ.’ ಎಂಬ ರೋಗ ಪರ್ಷಿಯನ್ ತಳಿಯಲ್ಲಿ ವಂಶಪಾರಂಪರ್ಯವಾಗಿ ಬರುತ್ತದೆ. ತಂದೆತಾಯಿಗಳಲ್ಲಿ ಒಂದಕ್ಕಿದ್ದರೂ ಪ್ರತಿ ಮರಿಗೂ ಅದು ಬರುವ ಸಾಧ್ಯತೆ ಕನಿಷ್ಠ ಅರ್ಧದಷ್ಟಿರುತ್ತದೆ. ಇದಕ್ಕೆ ಕಾರಣವಾದ ಜೀನ್ ದೋಷವನ್ನು 2004ರಲ್ಲಿ ಗುರುತಿಸಲಾಗಿದ್ದು, ಕೆನ್ನೆಯ ಒಳಭಾಗದಿಂದ ತೆಗೆದ ಮಾದರಿಯಿಂದಲೇ ಡಿ.ಎನ್.ಎ. ಪರೀಕ್ಷೆ ಮಾಡಬಹುದು. ಬೆಳೆದ ಬೆಕ್ಕಿನಲ್ಲಾದರೆ ಅಲ್ಟ್ರಾಸೌಂಡ್‌ನಲ್ಲಿಯೇ ಗುಳ್ಳೆಗಳು ಕಾಣಿಸುತ್ತವೆ.

ಅಂಗಡಿಯಿಂದ ಕೊಳ್ಳುವವರು ತಿಳಿದಿರಬೇಕಾದ ವಿಷಯವೊಂದಿದೆ. 2018ರ ಸಾಕುಪ್ರಾಣಿ ಅಂಗಡಿ ನಿಯಮಗಳ ಪ್ರಕಾರ ಅಂಗಡಿಯು ರಾಜ್ಯ ಪ್ರಾಣಿ ಕಲ್ಯಾಣ ಮಂಡಳಿಯಲ್ಲಿ ನೋಂದಣಿಯಾಗಿರಬೇಕು, ಮತ್ತು ಎಂಟು ವಾರ ತುಂಬದ ಮರಿಯನ್ನು ಮಾರುವಂತಿಲ್ಲ. ನನಗೆ ತೋರಿಸಿದ ಮರಿಗಳಲ್ಲಿ ಕೆಲವು ಸರಿಯಾಗಿ ನಡೆಯಲೂ ಬಾರದಷ್ಟು ಚಿಕ್ಕವಾಗಿದ್ದವು. ತಾಯಿಯ ಹಾಲನ್ನು ಅಷ್ಟು ಬೇಗ ಬಿಡಿಸಿದ ಮರಿಯನ್ನು ಹಣ ಕೊಟ್ಟು ತರಲು ನನಗೆ ಮನಸ್ಸು ಬರಲಿಲ್ಲ.

ಈ ಹಂತದಲ್ಲಿ ನಮ್ಮ ಬಡಾವಣೆಯ ಪಶುವೈದ್ಯರು ಬೇರೊಂದು ದಾರಿ ತೋರಿಸಿದರು. ಮುದ್ದಾಗಿದೆ ಎಂದು ಮರಿಯನ್ನು ತಂದು, ಎರಡು ಮೂರು ವರ್ಷಗಳ ಬಳಿಕ ಮಗುವಿಗೆ ಅಲರ್ಜಿ ಆಯಿತೆಂದೋ, ವಿದೇಶಕ್ಕೆ ಹೋಗಬೇಕಾಯಿತೆಂದೋ, ಬಾಡಿಗೆ ಮನೆಯ ಮಾಲೀಕರು ಒಪ್ಪಲಿಲ್ಲವೆಂದೋ ಬಿಟ್ಟುಕೊಡುವ ಕುಟುಂಬಗಳು ನಗರದಲ್ಲಿ ಬಹಳ ಇವೆ ಎಂದು ಅವರು ಹೇಳಿದರು. ಬೆಂಗಳೂರಿನಲ್ಲಿ 1991ರಿಂದ ಕೆಲಸ ಮಾಡುತ್ತಿರುವ ಕ್ಯೂಪಾದಂತಹ ಪ್ರಾಣಿರಕ್ಷಣಾ ಸಂಸ್ಥೆಗಳನ್ನು ವಿಚಾರಿಸುವುದರ ಜೊತೆಗೆ, ನಾಲ್ಕು ಚಿಕಿತ್ಸಾಲಯಗಳಲ್ಲಿ ನನ್ನ ಹೆಸರು ಮತ್ತು ಫೋನ್ ಸಂಖ್ಯೆಯನ್ನು ಬರೆದಿಟ್ಟು ಬಂದೆ. ಎರಡು ತಿಂಗಳ ಬಳಿಕ ಅವುಗಳಲ್ಲೊಂದರಿಂದ ಕರೆ ಬಂತು. ಸಂತಾನಹರಣ ಚಿಕಿತ್ಸೆಯಾಗಿದ್ದ, ಮೂರು ವರ್ಷದ ಗಂಡು ಬೆಕ್ಕನ್ನು ಅದರ ಒಡತಿ ಹಣ ಕೇಳದೆ ಕೊಡಲು ಸಿದ್ಧರಿದ್ದರು.

ಅವರ ಮನೆಯಲ್ಲಿ ಒಂದು ಗಂಟೆ ಕುಳಿತು ಬೆಕ್ಕನ್ನು ಗಮನಿಸಿದೆ. ಅದು ಬಾಯಿ ತೆರೆದು ಉಸಿರಾಡುತ್ತಿರಲಿಲ್ಲ. ಕಣ್ಣಿನಿಂದ ಸ್ವಲ್ಪ ನೀರು ಸುರಿಯುತ್ತಿತ್ತು. ಮುಖ ಚಪ್ಪಟೆಯಾಗಿರುವ ಬೆಕ್ಕುಗಳಲ್ಲಿ ಕಣ್ಣೀರಿನ ನಾಳ ಸೊಟ್ಟಗಿರುವುದರಿಂದ ಇದು ಸಾಮಾನ್ಯ. ಹೊಟ್ಟೆಯ ಕೆಳಗೆ ಮತ್ತು ತೊಡೆಯ ಸಂದಿಯಲ್ಲಿ ಕೂದಲು ಸಿಕ್ಕುಗಟ್ಟಿತ್ತು. ಕಿವಿಯ ಹಿಂದೆ ಬೆರಳಾಡಿಸಿ, ಕೂದಲು ಉದುರಿ ಹೊಟ್ಟೆದ್ದ ಜಾಗವಿದೆಯೇ ಎಂದು ಹುಡುಕಿದೆ, ಏಕೆಂದರೆ ಪರ್ಷಿಯನ್ ಬೆಕ್ಕುಗಳಲ್ಲಿ ಹುಳುಕಡ್ಡಿ ಹೆಚ್ಚು, ಅದು ಮನೆಯವರಿಗೂ ಅಂಟುತ್ತದೆ. ಲಸಿಕೆಯ ಪುಸ್ತಕ ಸರಿಯಾಗಿತ್ತು. ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನ ಆಸ್ಪತ್ರೆಯಲ್ಲಿ ಅಲ್ಟ್ರಾಸೌಂಡ್ ಮಾಡಿಸಿ, ಮೂತ್ರಪಿಂಡಗಳಲ್ಲಿ ಗುಳ್ಳೆಗಳಿಲ್ಲ ಎಂದು ಖಚಿತವಾದ ಮೇಲೆ ಒಪ್ಪಿಕೊಂಡೆ. ಬೀಳ್ಕೊಡುವಾಗ ಆಕೆ, “ಮೇಡಂ, ಇವನನ್ನು ಸಾಕಲು ಆಗದಿದ್ದರೆ ದಯವಿಟ್ಟು ಬೇರೆಯವರಿಗೆ ಕೊಡಬೇಡಿ, ಮೊದಲು ನನಗೆ ಹೇಳಿ” ಎಂದರು. ಅದನ್ನೇ ಒಂದು ಕಾಗದದಲ್ಲಿ ಬರೆದು ಇಬ್ಬರೂ ಸಹಿ ಹಾಕಿದೆವು.

ಹಳೆಯ ಮನೆಯಲ್ಲಿ ಬೆಕ್ಕಿನ ಮಲಮೂತ್ರಕ್ಕೆ ಇಡುತ್ತಿದ್ದ ಲಿಟರ್ ತಟ್ಟೆ, ಹೊದಿಕೆ ಮತ್ತು ಅದೇ ಆಹಾರವನ್ನು ತಂದು ಒಂದೇ ಕೋಣೆಯಲ್ಲಿಟ್ಟೆ. ಮೊದಲ ದಿನವಿಡೀ ಅದು ಮಂಚದ ಕೆಳಗೆ ಅವಿತು ಕುಳಿತು ಏನನ್ನೂ ಮುಟ್ಟಲಿಲ್ಲ. ಬೆಕ್ಕು ಕೆಲವು ದಿನ ಊಟ ಬಿಟ್ಟರೆ ಯಕೃತ್ತಿನಲ್ಲಿ ಕೊಬ್ಬು ತುಂಬಿ ಪ್ರಾಣಕ್ಕೇ ಅಪಾಯವಾಗುತ್ತದೆ ಎಂದು ವೈದ್ಯರು ಎಚ್ಚರಿಸಿದ್ದರಿಂದ ನಾನು ನಿಜವಾಗಿಯೂ ಹೆದರಿದ್ದೆ. ಎರಡನೆಯ ರಾತ್ರಿ, ಬೇಯಿಸಿದ ಕೋಳಿಮಾಂಸದ ಸಾರನ್ನು ಉಪ್ಪು, ಈರುಳ್ಳಿ, ಬೆಳ್ಳುಳ್ಳಿ ಯಾವುದೂ ಇಲ್ಲದೆ ಬೆಚ್ಚಗೆ ಮಾಡಿ ಇಟ್ಟಾಗ ಹೊರಗೆ ಬಂದು ನೆಕ್ಕಿತು.

ಸಿಕ್ಕನ್ನು ಕತ್ತರಿಯಿಂದ ಕತ್ತರಿಸಲು ಹೋದರೆ ಚರ್ಮವೂ ಸೇರಿ ಕತ್ತರಿಸಿಹೋಗಬಹುದು. ಆದ್ದರಿಂದ ಅದನ್ನು ವೈದ್ಯರಿಂದಲೇ ಯಂತ್ರದಲ್ಲಿ ತೆಗೆಸಿದೆ. ಈಗ ಪ್ರತಿ ಸಂಜೆ ಹದಿನೈದು ನಿಮಿಷ ಉಕ್ಕಿನ ಬಾಚಣಿಗೆಯಿಂದ ಬಾಚುತ್ತೇನೆ, ಒದ್ದೆ ಬಟ್ಟೆಯಿಂದ ಕಣ್ಣಿನ ಮೂಲೆಗಳನ್ನು ಒರೆಸುತ್ತೇನೆ. ತಿಂಗಳಿಗೊಮ್ಮೆ ಅದರ ಹಳೆಯ ಒಡತಿಗೆ ಚಿತ್ರ ಕಳುಹಿಸುತ್ತೇನೆ.