ರೋಮ್‌ನಲ್ಲಿ ಇಬ್ಬರಿಗೆ ಒಂದೇ ದಿನ ಇದ್ದರೆ

ಗಂಡ ಹೆಂಡತಿ ಇಬ್ಬರೇ ರೋಮ್‌ಗೆ ಹೋಗಿ, ಕೈಯಲ್ಲಿ ಒಂದೇ ದಿನ ಇದ್ದರೆ ವ್ಯಾಟಿಕನ್ ಮ್ಯೂಸಿಯಂ ಬಿಟ್ಟುಬಿಡಿ. ಅದಕ್ಕೇ ಅರ್ಧ ದಿನ ಬೇಕು. ಬೆಳಿಗ್ಗೆಯ ಕೊಲೋಸಿಯಂ ಟಿಕೆಟ್ಟನ್ನು ಮುಂಚೆಯೇ ಆನ್‌ಲೈನ್‌ನಲ್ಲಿ ತೆಗೆದುಕೊಳ್ಳಿ. ಅದೇ ಟಿಕೆಟ್‌ನಲ್ಲಿ ಪಕ್ಕದ ರೋಮನ್ ಫೋರಂ (ಹಳೆಯ ನಗರ ಕೇಂದ್ರದ ಅವಶೇಷಗಳು), ಪ್ಯಾಲಟೈನ್ ಗುಡ್ಡ (ಹಳೆಯ ಅರಮನೆಗಳ ಅವಶೇಷಗಳಿರುವ ಜಾಗ) ಎರಡನ್ನೂ ನೋಡಬಹುದು. ಗೊತ್ತಿಲ್ಲದೆ ಹಾಗೇ ಹೊರಟುಬಿಡಬೇಡಿ.

ಆಮೇಲೆ ಪ್ಯಾಂಥಿಯನ್ ಎಂಬ ಪ್ರಾಚೀನ ರೋಮನ್ ದೇವಾಲಯ, ನವೋನಾ ಚೌಕ, ಟ್ರೆವಿ ಕಾರಂಜಿ ಎಲ್ಲ ನಡೆದೇ ನೋಡಬಹುದು. ಟ್ಯಾಕ್ಸಿ ಸುಮ್ನೆ ದಂಡ. ಪ್ಯಾಂಥಿಯನ್‌ನ ಗುಮ್ಮಟದ ನೆತ್ತಿಯಲ್ಲಿ ಸುಮಾರು 9 ಮೀಟರ್ ಅಗಲದ ತೆರೆದ ಕಿಂಡಿ ಇದೆ. ಅಲ್ಲಿಂದ ಬೀಳುವ ಬಿಸಿಲನ್ನು ಸ್ವಲ್ಪ ಹೊತ್ತು ನಿಂತು ನೋಡಿ, ಅವಸರ ಬೇಡ. ಸುಮಾರು 1900 ವರ್ಷ ಹಳೆಯ ಕಟ್ಟಡ ಅಲ್ವಾ! ಈಗ ಅದು ಚರ್ಚ್, ಹಾಗಾಗಿ ಭುಜ, ಮಂಡಿ ಮುಚ್ಚುವ ಬಟ್ಟೆ ಹಾಕಿಕೊಳ್ಳಿ.

ನೀರಿಗೆ ದುಡ್ಡು ಕೊಡಬೇಡಿ. ಬೀದಿಗಳಲ್ಲಿ ‘ನಸೋನಿ’ ಎಂಬ ನಲ್ಲಿಗಳಿವೆ, ಕುಡಿಯುವ ನೀರೇ ಬರುತ್ತದೆ. ಖಾಲಿ ಬಾಟಲಿ ಇದ್ದರೆ ಸಾಕು.