ಆರು ಕೆಪಾಸಿಟರ್, ಮೋಟರ್ ನಾಯ್ಸ್ ಬಂದ್: ನನ್ನ ಅನುಭವ

ನನ್ನ ಎರಡು ಚಕ್ರದ ಬ್ಯಾಲೆನ್ಸಿಂಗ್ ರೋಬೋ ಈಗ ಬ್ಯಾಟರಿ ಮುಗಿಯುವ ತನಕ ನಿಂತೇ ಇರುತ್ತದೆ. ಸುಮಾರು ಎರಡೂವರೆ ಗಂಟೆ. ಮೂರು ತಿಂಗಳ ಹಿಂದೆ 40 ಸೆಕೆಂಡ್ ನಿಂತರೆ ಜಾಸ್ತಿ. ಇದ್ದಕ್ಕಿದ್ದಂತೆ ರೋಬೋವನ್ನು ನಡೆಸುವ ಆರ್ಡುಯಿನೊ ಊನೋ ಬೋರ್ಡ್ ಹ್ಯಾಂಗ್ ಆಗುತ್ತಿತ್ತು. ಮೋಟರ್ ಕೊನೆಗೆ ಸಿಕ್ಕ ಪಿಡಬ್ಲ್ಯುಎಂನಲ್ಲೇ (ವೇಗ ಹೇಳುವ ಸಿಗ್ನಲ್) ಓಡುತ್ತಿತ್ತು, ರೋಬೋ ಹೋಗಿ ಗೋಡೆಗೆ ಬಡಿಯುತ್ತಿತ್ತು.

ಗೆಳೆಯರು ಪಿಐಡಿ, ಅಂದರೆ ಬ್ಯಾಲೆನ್ಸ್ ಮಾಡುವ ಲೆಕ್ಕ, ಸರಿಯಿಲ್ಲ ಅಂದರು. ಒಬ್ಬರು ಸೆನ್ಸರ್ ಡೂಪ್ಲಿಕೇಟ್ ಅಂದರು. ಬೆಂಗಳೂರಿನ ಎಸ್.ಪಿ. ರಸ್ತೆಯ ಎಲೆಕ್ಟ್ರಾನಿಕ್ಸ್ ಅಂಗಡಿಗೆ ಹೋಗಿ ವಾಲುವಿಕೆ ಅಳೆಯುವ ಎಂಪಿಯು6050 ಸೆನ್ಸರ್ ಎರಡು ತಂದೆ, 400 ರೂಪಾಯಿ ಹತ್ತಿರ. ಅದೇ ಕಥೆ. ಬ್ಯಾಟರಿ ವೋಲ್ಟೇಜ್ ಬೀಳುತ್ತಿದೆ ಅಂದರು. ಊನೋಗೆ ಬೇರೆ ಬ್ಯಾಟರಿ ಕೊಟ್ಟೆ, ಇನ್ನೊಂದು 500 ಹೋಯಿತು. ಸೆನ್ಸರ್ ಜೊತೆ ಮಾತಾಡುವ ಕೋಡ್ ಆದ Wire ಲೈಬ್ರರಿಗೆ ಟೈಮ್‌ಔಟ್ (ಕಾಯುವ ಮಿತಿ) ಹಾಕಿ ನೋಡಿದೆ. ಹ್ಯಾಂಗ್ ನಿಂತಿತು, ಆದರೆ ಆ ಗಳಿಗೆಯಲ್ಲಿ ರೀಡಿಂಗ್ ತಪ್ಪಿ ರೋಬೋ ಬೀಳುವುದು ನಿಲ್ಲಲಿಲ್ಲ.

ದಾರಿ ತೋರಿಸಿದ್ದು ಸ್ಕೂಟರ್ ಇಂಡಿಕೇಟರ್ ಬಲ್ಬ್. ಮೋಟರ್ ವೈರ್ ಬಿಚ್ಚಿ, ಮೋಟರ್ ಓಡಿಸುವ ಎಲ್298ಎನ್ ಡ್ರೈವರ್ ಬೋರ್ಡಿಗೆ 12 ವೋಲ್ಟ್ 10 ವ್ಯಾಟ್‌ನ ಎರಡು ಬಲ್ಬ್ ಹಾಕಿದೆ. ಮಾಮೂಲಿ ಓಟದಲ್ಲಿ ನನ್ನ ಮೋಟರ್ ಎಳೆಯುವುದಕ್ಕಿಂತ ಇವು ಜಾಸ್ತಿ ಕರೆಂಟ್ ಎಳೆಯುತ್ತವೆ. ರೋಬೋವನ್ನು ಕೈಯಲ್ಲಿ ಹಿಡಿದು ಒಂದು ಗಂಟೆ ಆಗಾಗ ಅಲ್ಲಾಡಿಸಿದೆ. ಒಮ್ಮೆಯೂ ಹ್ಯಾಂಗ್ ಇಲ್ಲ. ವೋಲ್ಟೇಜ್ ಬೀಳುವುದೇ ಕಾರಣವಾಗಿದ್ದರೆ ಬಲ್ಬ್ ಇದ್ದಾಗಲೂ ಹ್ಯಾಂಗ್ ಆಗಬೇಕಿತ್ತು, ಅಲ್ವಾ? ಬಲ್ಬಿಗೆ ಇಲ್ಲದ್ದು, ಮೋಟರಿಗೆ ಇರುವುದು ಬ್ರಷ್ ಕಿಡಿ, ಅಂದರೆ ತಿರುಗುವ ಭಾಗಕ್ಕೆ ಕರೆಂಟ್ ಮುಟ್ಟಿಸುವ ಬ್ರಷ್ ಹತ್ತಿರ ಹಾರುವ ಕಿಡಿ. ಅದರಿಂದ ಹುಟ್ಟುವ ವಿದ್ಯುತ್ ನಾಯ್ಸ್ ಸೆನ್ಸರ್ ಸಿಗ್ನಲ್ ಕೆಡಿಸುತ್ತದೆ. ಈ ರೋಬೋದಲ್ಲಿ ಮೋಟರ್ ಸೆಕೆಂಡಿಗೆ ಹಲವು ಸಲ ದಿಕ್ಕು ಬದಲಿಸುತ್ತದೆ, ಕಿಡಿಯೂ ಹೆಚ್ಚು.

ನಾಯ್ಸ್ ತಡೆಯಲು 104 (0.1 ಮೈಕ್ರೋಫ್ಯಾರಡ್ ಕೆಪಾಸಿಟರ್) ಹಾಕಬೇಕು ಅಂತ ಎಲ್ಲರಿಗೂ ಗೊತ್ತು. ನಾನೂ ಹಾಕಿದ್ದೆ, ಪ್ರಯೋಜನ ಆಗಿರಲಿಲ್ಲ. "ಅದರಿಂದ ಏನೂ ಆಗಲ್ಲ ಮಾರಾಯ" ಅಂತ ಗೆಳೆಯ ಹೇಳಿದ್ದೂ ಅದಕ್ಕೇ. ಆದರೆ ನಾನು ಹಾಕಿದ್ದು ಡ್ರೈವರ್ ಬೋರ್ಡಿನ ಸ್ಕ್ರೂ ಟರ್ಮಿನಲ್‌ಗೆ. ಮೋಟರಿಂದ ಅಲ್ಲಿವರೆಗಿನ 25 ಸೆಂ.ಮೀ. ವೈರ್ ಆಂಟೆನಾ ಆಗಿಯೇ ಉಳಿದಿತ್ತು. ಈ ಸಲ ಮೋಟರಿನ ಮೈಮೇಲೇ ಕೂರಿಸಿದೆ. ಎರಡು ಟರ್ಮಿನಲ್ ನಡುವೆ ಒಂದು, ಪ್ರತಿ ಟರ್ಮಿನಲ್‌ನಿಂದ ಕ್ಯಾನಿಗೆ (ಮೋಟರಿನ ಲೋಹದ ಕವಚ) ಒಂದೊಂದು. ಮೋಟರಿಗೆ ಮೂರರಂತೆ ಆರು, ಕಾಲುಗಳನ್ನು ಆದಷ್ಟು ಗಿಡ್ಡ ಮಾಡಿ.

ಕ್ಯಾನಿಗೆ ಸೋಲ್ಡರ್ ಹಿಡಿಸುವುದೇ ದೊಡ್ಡ ಕೆಲಸ. 25 ವ್ಯಾಟ್ ಐರನ್ ಹಿಡಿದು ಕೂತೆ, ಹಿಡಿಯಲಿಲ್ಲ. ಅಷ್ಟು ಹೊತ್ತು ಕಾದು ಒಳಗಿನ ಬ್ರಷ್ ಹಿಡಿಯುವ ಪ್ಲಾಸ್ಟಿಕ್ ಕರಗಿತು. ಎನ್‌ಕೋಡರ್ (ಚಕ್ರದ ಸುತ್ತು ಎಣಿಸುವ ಸೆನ್ಸರ್) ಇದ್ದ ಮೋಟರ್, 600 ರೂಪಾಯಿ ನಷ್ಟ. ಆಮೇಲೆ ಉಪ್ಪುಕಾಗದದಲ್ಲಿ ಚೆನ್ನಾಗಿ ಉಜ್ಜಿ, ಫ್ಲಕ್ಸ್ ಹಚ್ಚಿ, 60 ವ್ಯಾಟ್ ಐರನ್‌ನಲ್ಲಿ ಮೂರ್ನಾಲ್ಕು ಸೆಕೆಂಡಿಗೆ ಮುಗಿಸಿದೆ.

ದೊಡ್ಡದು ಹಾಕಿದರೆ ಇನ್ನೂ ಒಳ್ಳೆಯದು ಅಂತ ಟರ್ಮಿನಲ್‌ಗಳ ನಡುವೆ 100 ಎಂಎಫ್‌ಡಿ (ಮೈಕ್ರೋಫ್ಯಾರಡ್) ಎಲೆಕ್ಟ್ರೋಲಿಟಿಕ್, ಅಂದರೆ ಪ್ಲಸ್-ಮೈನಸ್ ಇರುವ ಕೆಪಾಸಿಟರ್, ಕೂಡ ಹಾಕಿ ನೋಡಿದ್ದೆ. ದಿಕ್ಕು ತಿರುಗುವ ಮೋಟರಿಗೆ ಅದನ್ನು ದಯವಿಟ್ಟು ಹಾಕಬೇಡಿ. ಎರಡೇ ನಿಮಿಷಕ್ಕೆ ತಲೆ ಉಬ್ಬಿ ಸಿಡಿಯಿತು. ಕಣ್ಣಿಗೆ ಬೀಳಲಿಲ್ಲ, ಪುಣ್ಯ.

ನಾಯ್ಸ್ ಅಳೆಯಲು ಆಸಿಲೋಸ್ಕೋಪ್ ಇರಲಿಲ್ಲ. ಅಜ್ಜನ ಮೀಡಿಯಂ ವೇವ್ ರೇಡಿಯೋ ತೆಗೆದೆ. ಆಕಾಶವಾಣಿ ಬೆಂಗಳೂರಿನ 612 ಕಿಲೋಹರ್ಟ್ಸ್‌ನಿಂದ ಮುಳ್ಳನ್ನು ಪಕ್ಕಕ್ಕೆ ಸರಿಸಿ, ಸ್ಟೇಷನ್ ಇಲ್ಲದ ಕಡೆ ನಿಲ್ಲಿಸಿದೆ. ಮೊದಲು ಒಂದೂವರೆ ಅಡಿ ದೂರದಲ್ಲೇ ಗರ್ರ್ ಅನ್ನುತ್ತಿತ್ತು. ಕೆಪಾಸಿಟರ್ ಆದ ಮೇಲೆ ಒಂದು ಗೇಣಿಗೆ ಬಂತು. ಮೋಟರ್ ವೈರ್ ಎರಡನ್ನೂ ಹ್ಯಾಂಡ್ ಡ್ರಿಲ್‌ಗೆ ಕಚ್ಚಿಸಿ ಬಿಗಿಯಾಗಿ ಹುರಿ ಹಾಕಿದಾಗ, ರೇಡಿಯೋವನ್ನು ಮೋಟರಿಗೆ ತಾಗಿಸಿದರೆ ಮಾತ್ರ ಕೇಳಿಸಿತು. ಮೋಟರಿಗೆ ಸುಮ್ನೆ ಅಲ್ಯುಮಿನಿಯಂ ಫಾಯಿಲ್ ಸುತ್ತಿಯೂ ನೋಡಿದೆ, ಏನೂ ಬದಲಾಗಲಿಲ್ಲ.

ಕೊನೆಗೆ ಸೆನ್ಸರ್ ವೈರನ್ನು 20ರಿಂದ 8 ಸೆಂ.ಮೀ.ಗೆ ಇಳಿಸಿದೆ. ಊನೋದ ಗ್ರೌಂಡ್ (ಮೈನಸ್) ವೈರನ್ನು ಡ್ರೈವರಿಂದ ಎಳೆಯದೆ ನೇರ ಬ್ಯಾಟರಿ ಮೈನಸ್‌ಗೆ ಒಯ್ದೆ. ಹೋದ ಮೋಟರ್ ಬಿಟ್ಟು, ಕೆಲಸ ಮಾಡಿದ ಸಾಮಾನಿಗೆ ಎಲ್ಲಾ ಸೇರಿ 30 ರೂಪಾಯಿ ಆಗಿರಬಹುದು.

ಎನ್‌ಕೋಡರ್‌ನಲ್ಲಿ ಸುಳ್ಳು ಎಣಿಕೆಯೂ ಬರುತ್ತಿತ್ತು, ಫಿಲ್ಟರ್ ಹಾಕಿ ಅದನ್ನೂ ನಿಲ್ಲಿಸಿದೆ. ಆ ಫಿಲ್ಟರಿನ ಲೆಕ್ಕ ಮಾತ್ರ ಮುಂದಿನ ತಿಂಗಳ ಸ್ಪರ್ಧೆ ಮುಗಿದ ಮೇಲೆ ಹೇಳುತ್ತೇನೆ. ಏನೂ ಆಗಲ್ಲ ಅಂದ ಗೆಳೆಯನ ರೋಬೋ ಈಗ ನನ್ನ ಮೇಜಿನ ಮೇಲಿದೆ. ಒಂದು ಕ್ಯಾನ್ ಉಜ್ಜಿ ಆಯಿತು, ಇನ್ನೊಂದು ಬಾಕಿ.